ಲೋಡ್ ಗಾಡಿಯ ಐದನೇ ಚಕ್ರ

ಹೋದ ಸುಗ್ಗಿಯ ಒಂದು ಸಂಜೆ. ಹೊಸನಗರದ ಕಡೆಯಿಂದ ಹಸಿ ಅಡಿಕೆ ತುಂಬಿಕೊಂಡು ಸಾಗರಕ್ಕೆ ಹೊರಟಿದ್ದ ಪಿಕಪ್ಪಿನಲ್ಲಿ ಡ್ರೈವರ್ ಪಕ್ಕ ನಾನೂ ಕೂತಿದ್ದೆ. ಗಾಡಿ ನಮ್ಮೂರಿನಲ್ಲಿ ಅಡಿಕೆ ಫಸಲನ್ನು ಗುತ್ತಿಗೆ ಹಿಡಿಯುವ ಚೇಣಿದಾರರೊಬ್ಬರದು. ಬಟ್ಟೆಮಲ್ಲಪ್ಪ ಇನ್ನೂ ದೂರವಿದೆ ಅನ್ನುವಾಗ ಹಿಂದಿನ ಎಡಚಕ್ರ ಕೂತಿತು. ಡ್ರೈವರ್ ಹುಡುಗ ಚುರುಕಿನವನು. ರಸ್ತೆ ಬದಿಯ ಮೆತ್ತನೆ ಮಣ್ಣಿನ ಮೇಲೆ ಹಲಗೆ ಇಟ್ಟು, ಜಾಕ್ ಏರಿಸಿ, ಅಡಿಯಲ್ಲಿ ನೇತಾಡುತ್ತಿದ್ದ ಸ್ಟೆಪ್ನಿ ಇಳಿಸಿ, ಅರ್ಧ ಗಂಟೆಯೊಳಗೆ ಹಾಕಿಯೇಬಿಟ್ಟ. ಜಾಕ್ ಇಳಿಸಿದಾಗ ಮಾತ್ರ ಗಾಡಿಯ ಹಿಂಭಾಗ ಎಡಕ್ಕೆ ಒಂದಿಷ್ಟು ವಾಲಿ ನಿಂತಿತು. ಟಾರ್ಚ್ ಹಿಡಿದು ನೋಡಿದೆವು. ಸ್ಟೆಪ್ನಿ ಹೊಸದರಂತೆಯೇ ಇದೆ, ಗ್ರಿಪ್ ತುಂಬ ಇದೆ, ಗಾಳಿಯೂ ಇದೆ. ಆದರೂ ಪಕ್ಕದ ಚಕ್ರಕ್ಕಿಂತ ಗಿಡ್ಡ.

‘ಅಣ್ಣ, ಸಾಗರ ಮುಟ್ಟಿದ್ರೆ ಸಾಕಲ್ಲ’ ಅಂದ ಹುಡುಗ.

ಸಾಗರ ಮುಟ್ಟಿದೆವು. ಪೇಟೆಯ ಪಂಚರ್ ಅಂಗಡಿಯ ಮುಂದೆ ನಿಲ್ಲಿಸಿದಾಗ ಆ ಟೈರಿನ ಪಕ್ಕೆ ಕೈಯಿಟ್ಟರೆ ಹಿಂದೆಳೆದುಕೊಳ್ಳುವಷ್ಟು ಕಾದಿತ್ತು. ಪಕ್ಕೆಯ ಒಂದು ಕಡೆ ಸಣ್ಣ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿತ್ತು. ಅಂಗಡಿಯವರು ಕೆಸರು ಒರೆಸಿ, ಟೈರಿನ ಮೇಲಿನ ಅಂಕೆಯ ಮೇಲೆ ಸೀಮೆಸುಣ್ಣ ಉಜ್ಜಿ ಓದಿದರು: 215/75 R15, ಅದರ ಪಕ್ಕದಲ್ಲಿ 100. ಗಾಡಿಯ ಉಳಿದ ಮೂರರ ಮೇಲೂ, ಪಂಚರಾದ ನಾಲ್ಕನೆಯದರ ಮೇಲೂ ಇದ್ದದ್ದು 235/75 R15, ಪಕ್ಕದಲ್ಲಿ 105. ವರ್ಷದ ಹಿಂದೆ ಗಾಡಿ ಸ್ವಲ್ಪ ಎತ್ತರವಿರಲಿ, ತೋಟದ ದಾರಿಯಲ್ಲಿ ಅಡಿ ತಾಗದಿರಲಿ ಎಂದು ಮಾಲೀಕರು ನಾಲ್ಕೂ ಟೈರನ್ನು ಒಂದು ಅಳತೆ ದೊಡ್ಡದಕ್ಕೆ ಬದಲಿಸಿದ್ದರು. ಅಡಿಯಲ್ಲಿ ನೇತಾಡುವ ಐದನೆಯದು ಯಾರ ನೆನಪಿಗೂ ಬಂದಿರಲಿಲ್ಲ.

ಈ ಬರಹ ಆ ಐದನೆಯದರ ಬಗ್ಗೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಇವತ್ತು ಪಿಕಪ್ ಇಲ್ಲದೆ ತೋಟದ ಕೆಲಸ ನಡೆಯುವುದಿಲ್ಲ. ಗೊಬ್ಬರ ಬರುವುದು ಅದರಲ್ಲಿ, ಹಸಿ ಅಡಿಕೆ ಹೋಗುವುದು ಅದರಲ್ಲಿ, ಒಣಗಿಸಿದ ಚೀಲ ಸಾಗರದಲ್ಲಿ ಅಡಿಕೆ ಮಾರುವ ಸಹಕಾರ ಸಂಘಗಳಾದ ಆಪ್ಸ್‌ಕೋಸ್‌ಗೋ ಮಾಮ್‌ಕೋಸ್‌ಗೋ ತಲುಪುವುದು ಅದರಲ್ಲಿ. ಅಡಿಕೆ ಸುಲಿಯುವ ಯಂತ್ರವನ್ನೋ ಕಾಂಕ್ರೀಟ್ ಮಿಕ್ಸರನ್ನೋ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಊರಿಂದೂರಿಗೆ ಎಳೆದೊಯ್ಯುವುದೂ ಅದರಿಂದಲೇ. ಇಷ್ಟು ದುಡಿಯುವ ಗಾಡಿಗೆ ಸ್ಟೆಪ್ನಿ ಹೇಗಿದ್ದರೂ ನಡೆಯುತ್ತದೆ ಎಂಬ ನಂಬಿಕೆ ಅಪಾಯದ್ದು. ಸಣ್ಣ ಸ್ಟೆಪ್ನಿ ಹಾಕಿಕೊಂಡು ಮುಂದಿನ ಅಂಗಡಿ ತನಕ ಹೋದರಾಯಿತು ಎಂಬ ಲೆಕ್ಕ ಬಯಲುಸೀಮೆಯ ಹೆದ್ದಾರಿಯಲ್ಲಿ ಹೇಗೋ ನಡೆದೀತು. ನಮ್ಮಲ್ಲಿ ಮುಂದಿನ ಅಂಗಡಿಗೂ ನಮಗೂ ನಡುವೆ ಒಂದು ಘಾಟಿಯೋ ಇಪ್ಪತ್ತು ಕಿಲೋಮೀಟರ್ ಕಾಡೋ ಇರುತ್ತದೆ, ಗಾಡಿಯಲ್ಲಿ ಲೋಡೂ ಇರುತ್ತದೆ.

ಮೊದಲು ಅಂಕೆ ಓದುವುದನ್ನು ಕಲಿಯೋಣ. ಟೈರಿನ ಪಕ್ಕೆಯ ಮೇಲೆ 215/75 R15 ಎಂದಿದ್ದರೆ 215 ಅದರ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಆ ಅಗಲದ ನೂರಕ್ಕೆ 75ರಷ್ಟು ಪಕ್ಕೆಯ ಎತ್ತರ. R ಎಂದರೆ ರೇಡಿಯಲ್. 15 ಎಂದರೆ ಡಿಸ್ಕಿನ ಅಳತೆ, ಇಂಚಿನಲ್ಲಿ. ಇಷ್ಟರಿಂದ ಚಕ್ರದ ಎತ್ತರ ಲೆಕ್ಕ ಹಾಕಬಹುದು. 15 ಇಂಚು ಅಂದರೆ 381 ಮಿ.ಮೀ. 215ರ ಮುಕ್ಕಾಲು ಭಾಗ 161, ಅದು ಮೇಲೊಮ್ಮೆ ಕೆಳಗೊಮ್ಮೆ. ಎಲ್ಲ ಸೇರಿ ಸುಮಾರು 703 ಮಿ.ಮೀ. ಇದೇ ಲೆಕ್ಕದಲ್ಲಿ 235/75 R15 ಚಕ್ರದ ಎತ್ತರ 733 ಮಿ.ಮೀ. ವ್ಯತ್ಯಾಸ ಮೂರೇ ಸೆಂಟಿಮೀಟರ್, ಎರಡು ಬೆರಳು ದಪ್ಪ. ಕಣ್ಣಿಗೆ ಅಲ್ಪ ಅನಿಸುತ್ತದೆ.

ಚಕ್ರ ಉರುಳಲು ತೊಡಗಿದರೆ ಆ ಎರಡು ಬೆರಳಿನ ಅರ್ಥ ಬೇರೆಯಾಗುತ್ತದೆ. ದೊಡ್ಡ ಚಕ್ರ ಒಂದು ಸುತ್ತಿಗೆ ಸುಮಾರು 2.30 ಮೀಟರ್ ಹೋದರೆ ಸಣ್ಣದು 2.21 ಮೀಟರ್ ಹೋಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ದೊಡ್ಡದು 434 ಸುತ್ತು ಸುತ್ತಿದರೆ ಸಣ್ಣದು 452 ಸುತ್ತಬೇಕು. 30 ಕಿಲೋಮೀಟರ್ ಹೋಗುವಷ್ಟರಲ್ಲಿ ಒಂದೇ ಆಕ್ಸಲಿನ ಎರಡು ಚಕ್ರಗಳ ನಡುವೆ 500ಕ್ಕೂ ಹೆಚ್ಚು ಸುತ್ತಿನ ಅಂತರ. ಈ ಅಂತರವನ್ನು ನುಂಗಿಕೊಳ್ಳುವುದು ಹೌಸಿಂಗಿನೊಳಗಿನ ಡಿಫರೆನ್ಷಿಯಲ್. ತಿರುವಿನಲ್ಲಿ ಒಳಚಕ್ರ ನಿಧಾನ, ಹೊರಚಕ್ರ ಬೇಗ ತಿರುಗಲಿ ಎಂದು ಮಾಡಿದ ಸಣ್ಣ ಹಲ್ಲುಗಾಲಿಗಳವು. ತಿರುವು ಮುಗಿದು ರಸ್ತೆ ನೇರವಾದ ಕೂಡಲೇ ಅವಕ್ಕೆ ವಿಶ್ರಾಂತಿ. ಸ್ಟೆಪ್ನಿ ಗಿಡ್ಡವಾದರೆ ನೇರ ರಸ್ತೆಯಲ್ಲೂ ಆ ವಿಶ್ರಾಂತಿ ಸಿಗುವುದಿಲ್ಲ, ಹತ್ತು ಹದಿನೆಂಟು ಕ್ವಿಂಟಲ್ ಲೋಡಿನ ಒತ್ತಡದಲ್ಲೇ ಅವು ಉಜ್ಜುತ್ತಲೇ ಇರಬೇಕು. ನಾಲ್ಕು ಕಿಲೋಮೀಟರಿಗೆ ಏನೂ ಆಗುವುದಿಲ್ಲ. ಆದರೆ ‘ನಾಳೆ ಬದಲಿಸೋಣ’ ಎಂದು ಒಂದು ವಾರ ಓಡಿಸಿದರೆ ಆಯಿಲ್ ಕಾಯುತ್ತದೆ, ಹಲ್ಲು ಸವೆಯುತ್ತದೆ. ಫೋರ್ ವೀಲ್ ಗಾಡಿಯಾದರೆ ಇನ್ನೂ ಕಷ್ಟ. ಅಂಥ ಗಾಡಿಯಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಆಕ್ಸಲೂ ಹಿಂದಿನದೂ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ. ಹೊಂದದ ಸ್ಟೆಪ್ನಿ ಹಾಕಿಕೊಂಡು ಡಾಂಬರು ರಸ್ತೆಯ ಮೇಲೆ ಫೋರ್ ವೀಲ್ ಹಾಕಲೇಬಾರದು.

ಸ್ಪೀಡೋಮೀಟರ್ ತಪ್ಪು ತೋರಿಸುವುದು, ಮೈಲೇಜಿನ ಲೆಕ್ಕ ಹೆಚ್ಚುಕಡಿಮೆಯಾಗುವುದು ಇವೆಲ್ಲ ಸಣ್ಣ ಸಂಗತಿ. ಅದಕ್ಕಿಂತ ದೊಡ್ಡದು ಅಳತೆಯ ಪಕ್ಕದಲ್ಲಿರುವ ಆ ಮೂರನೇ ಅಂಕೆ. ಹೆಚ್ಚಿನವರು ಓದದೆ ಬಿಡುವುದೂ ಅದನ್ನೇ.

ಅದು ಲೋಡ್ ಅಂಕೆ. ಅದು ಕಿಲೋ ಅಲ್ಲ, ಒಂದು ಗುರುತು. ಯಾವ ಅಂಕೆಗೆ ಎಷ್ಟು ಭಾರ ಎಂಬುದು ಎಲ್ಲ ಕಂಪನಿಗಳಿಗೂ ಒಂದೇ. 100 ಎಂದಿದ್ದರೆ ಆ ಟೈರು ಹೊರಬಹುದಾದದ್ದು 800 ಕೆ.ಜಿ. 105ಕ್ಕೆ 925 ಕೆ.ಜಿ. 106ಕ್ಕೆ 950. 112ಕ್ಕೆ 1,120. ಲೋಡ್ ಗಾಡಿಯ ಟೈರಿನ ಮೇಲೆ 106/104 ಎಂದು ಎರಡು ಅಂಕೆ ಇರುವುದುಂಟು. ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ. ಈಗ ಲೆಕ್ಕ ಮಾಡಿ. ತುಂಬಿದ ಪಿಕಪ್ಪಿನ ಹಿಂದಿನ ಆಕ್ಸಲಿನ ಮೇಲೆ 1,800 ಕೆ.ಜಿ. ಬಿತ್ತೆಂದರೆ ಒಂದೊಂದು ಚಕ್ರಕ್ಕೆ 900. 800 ಕೆ.ಜಿ.ಯ ಟೈರು ಅಲ್ಲಿ ಕೂತರೆ ಅದು ಹೊರುವುದು ತನ್ನ ಮಿತಿಗಿಂತ 100 ಕೆ.ಜಿ. ಹೆಚ್ಚು. ಅದರ ಮೇಲೆ ತಿರುವಿನಲ್ಲಿ ವಾಲುವ ಭಾರ, ಗುಂಡಿಗೆ ಬಿದ್ದಾಗಿನ ಹೊಡೆತ. ಭಾರ ಹೆಚ್ಚಾದಷ್ಟೂ ಟೈರಿನ ಪಕ್ಕೆ ಸುತ್ತುಸುತ್ತಿಗೂ ಹೆಚ್ಚು ಮಡಿಯುತ್ತದೆ, ಮಡಿದಷ್ಟೂ ಕಾಯುತ್ತದೆ, ಕಾದಷ್ಟೂ ಒಳಗಿನ ಪದರಗಳ ಹಿಡಿತ ಸಡಿಲುತ್ತದೆ. ಸಾಗರದ ಅಂಗಡಿಯ ಮುಂದೆ ನಾವು ಕಂಡ ಉಬ್ಬು ಅದೇ. ಇನ್ನು ಹತ್ತು ಕಿಲೋಮೀಟರ್ ಹೋಗಿದ್ದರೆ ಅದು ಸಿಡಿಯುತ್ತಿತ್ತೋ ಏನೋ. ಕತ್ತಲಲ್ಲಿ ಲೋಡ್ ಗಾಡಿಯ ಹಿಂದಿನ ಟೈರು ಸಿಡಿದರೆ ಏನಾಗುತ್ತದೆ ಎಂದು ನೆನೆದರೆ ಇವತ್ತಿಗೂ ಮೈ ನಡುಗುತ್ತದೆ.

ಇಲ್ಲೊಂದು ಮೋಸದ ಜಾಗವಿದೆ. ಅಳತೆ ಒಂದೇ ಆಗಿದ್ದೂ ಟೈರು ಬೇರೆಯಾಗಿರಬಹುದು. ಜನ ಕೂರುವ ಜೀಪಿನ 215/75 R15 ಟೈರೂ ಲೋಡ್ ಗಾಡಿಗೆಂದೇ ಮಾಡಿದ ಅದೇ ಅಳತೆಯ ಟೈರೂ ಡಿಸ್ಕಿಗೆ ಸರಿಯಾಗಿ ಕೂರುತ್ತವೆ, ಎತ್ತರವೂ ಒಂದೇ. ಹೊರುವ ಶಕ್ತಿ ಮಾತ್ರ ಬೇರೆ. ಮನೆಯಲ್ಲಿ ಜೀಪೂ ಇದೆ, ಪಿಕಪ್ಪೂ ಇದೆ, ಜೀಪಿನಿಂದ ತೆಗೆದ ಒಳ್ಳೆ ಟೈರನ್ನು ಪಿಕಪ್ಪಿನ ಸ್ಟೆಪ್ನಿಯಾಗಿ ಇಟ್ಟರಾಯಿತು ಎನ್ನುವುದು ನಮ್ಮ ಮನೆಗಳಲ್ಲಿ ತೀರಾ ಸಹಜವಾದ ಯೋಚನೆ. ವಸ್ತುವನ್ನು ಹಾಳು ಮಾಡಬಾರದೆಂಬ ಒಳ್ಳೆಯ ಬುದ್ಧಿಯಿಂದಲೇ ಅದು ಬರುತ್ತದೆ. ಆದರೆ ಹಾಗೆ ಇಡುವ ಮುನ್ನ ಟೈರಿನ ಮೇಲೆ ಲೋಡ್ ಗಾಡಿಯದೆಂದು ತಿಳಿಸುವ ಎಲ್‌ಟಿ ಎಂಬ ಗುರುತು ಇದೆಯೇ, ಪ್ಲೈ ಎಷ್ಟು, ಲೋಡ್ ಅಂಕೆ ಎಷ್ಟು ಎಂದು ನೋಡಲೇಬೇಕು. ಹಾಗೆಯೇ ಹಳೆಯ ಗಾಡಿಗಳಲ್ಲಿ 7.00-15 ಎಂಬ ನೈಲಾನ್ ಟೈರು ಇರುತ್ತದೆ. ಅದರ ರೇಡಿಯಲ್ ಜೊತೆಗಾರ 7.00 R15. ಬರವಣಿಗೆಯಲ್ಲಿ ಒಂದು ಅಡ್ಡಗೆರೆಯಷ್ಟೇ ವ್ಯತ್ಯಾಸ. ಒಂದೇ ಆಕ್ಸಲಿಗೆ ಒಂದು ಬದಿ ನೈಲಾನ್, ಇನ್ನೊಂದು ಬದಿ ರೇಡಿಯಲ್ ಹಾಕಿದರೆ ಬ್ರೇಕ್ ಒತ್ತಿದಾಗ, ತಿರುವು ಹೊರಳಿದಾಗ ಎರಡೂ ಎರಡು ಥರ ವರ್ತಿಸುತ್ತವೆ.

ಹಾಗಾದರೆ ಸರಿಯಾದ ಅಳತೆ ಯಾವುದು? ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಸಾಮಾನ್ಯವಾಗಿ ಒಂದು ಚೀಟಿ ಅಂಟಿಸಿರುತ್ತಾರೆ. ಅದು ಅಳಿಸಿಹೋಗಿದ್ದರೆ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇದೆ. ಕಂಪನಿ ಹೇಳಿದ ಅಳತೆ, ಕನಿಷ್ಠ ಲೋಡ್ ಅಂಕೆ, ಗಾಳಿ ಎಷ್ಟು ಎಲ್ಲವೂ ಅಲ್ಲಿವೆ. ನಾಲ್ಕೂ ಟೈರು ಕಂಪನಿಯ ಅಳತೆಯಲ್ಲೇ ಇದ್ದರೆ ಸ್ಟೆಪ್ನಿಯೂ ಅದೇ ಆಗಿರಬೇಕು. ನಾಲ್ಕನ್ನು ದೊಡ್ಡದಕ್ಕೆ ಬದಲಿಸಿದ್ದರೆ ಐದನೆಯದೂ ಬದಲಾಗಲೇಬೇಕು. ನನ್ನ ಅಭಿಪ್ರಾಯ ಕೇಳಿದರೆ, ಲೋಡ್ ಗಾಡಿಗೆ ಕಂಪನಿ ಹೇಳದ ಅಳತೆಗೆ ಹೋಗುವುದೇ ಬೇಡ. ತೋಟದ ದಾರಿಯ ಕಲ್ಲಿಗೆ ಹೌಸಿಂಗ್ ತಾಗುತ್ತದೆ ಎಂಬುದು ನಿಜವಾದ ಕಷ್ಟವೇ. ಆದರೆ ಚಕ್ರ ಎತ್ತರವಾದರೆ ಗೇರಿನ ಎಳೆತ ಕಡಿಮೆಯಾಗುತ್ತದೆ, ಘಾಟಿ ಹತ್ತುವಾಗ ಅದು ಗೊತ್ತಾಗುತ್ತದೆ. ಜೊತೆಗೆ ಅಡಿಯಲ್ಲಿ ಸ್ಟೆಪ್ನಿ ಕೂರಲು ಕಂಪನಿ ಬಿಟ್ಟ ಜಾಗ ಹಳೆಯ ಅಳತೆಗೆ ಲೆಕ್ಕ ಹಾಕಿದ್ದು. ದೊಡ್ಡ ಟೈರನ್ನು ಒತ್ತಾಯದಿಂದ ಅಲ್ಲಿ ತೂಗುಹಾಕಿದರೆ ಒಂದೋ ಪ್ಲೇಟಿಗೆ ತಾಗುತ್ತದೆ, ಇಲ್ಲವೇ ಜೋತುಬಿದ್ದು ಅದೇ ತೋಟದ ದಾರಿಯ ಕಲ್ಲಿಗೆ ಉಜ್ಜುತ್ತದೆ. ಟೈರು ಕೊಳ್ಳುವ ಮುನ್ನ ಆ ಜಾಗಕ್ಕೆ ಟೇಪು ಹಿಡಿದು ನೋಡುವುದು ಐದು ನಿಮಿಷದ ಕೆಲಸ.

ಡಿಸ್ಕಿನ ವಿಷಯವನ್ನೂ ಹೇಳಿಬಿಡುತ್ತೇನೆ. 15 ಇಂಚು 15 ಇಂಚಿಗೆ ಕೂತೀತು ಎಂದು ಯಾರದೋ ಗಾಡಿಯ ಚಕ್ರ ತಂದಿಡಬೇಡಿ. ನಟ್ಟು ಐದೋ ಆರೋ, ಅವುಗಳ ನಡುವಿನ ಅಂತರ ಎಷ್ಟು, ನಡುವಿನ ತೂತು ಹಬ್ಬಿಗೆ ಸರಿಯಿದೆಯೇ, ಒಳಗೆ ಬ್ರೇಕಿಗೆ ತಾಗುವುದಿಲ್ಲವೇ ಎಂಬುದನ್ನು ಒಮ್ಮೆ ನಿಜವಾಗಿ ಹಾಕಿಯೇ ನೋಡಬೇಕು, ಮುಂದೆ ಒಮ್ಮೆ, ಹಿಂದೆ ಒಮ್ಮೆ.

ಸ್ಟೆಪ್ನಿ ಎಂಬ ಹೆಸರಿಗೂ ಒಂದು ಊರಿದೆ. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ಲನೆಲ್ಲಿ ಎಂಬ ಪೇಟೆಯಲ್ಲಿ ಸ್ಟೆಪ್ನಿ ಸ್ಟ್ರೀಟ್ ಎಂಬ ಬೀದಿ. ಮೋಟಾರು ಕಾರುಗಳು ಹೆಚ್ಚುವರಿ ಚಕ್ರವಿಲ್ಲದೆಯೇ ಬರುತ್ತಿದ್ದ ಕಾಲದಲ್ಲಿ, 1904ರಲ್ಲಿ, ಅಲ್ಲಿನ ಡೇವಿಸ್ ಸಹೋದರರು ಕಡ್ಡಿಗಳಿಲ್ಲದ ಒಂದು ಬಳೆಗೆ ಗಾಳಿ ತುಂಬಿದ ಟೈರು ಹಾಕಿ ಮಾರತೊಡಗಿದರು. ಪಂಚರಾದ ಚಕ್ರವನ್ನು ಬಿಚ್ಚದೆ ಅದರ ಪಕ್ಕಕ್ಕೇ ಇದನ್ನು ಬಿಗಿದುಕೊಂಡು ಮನೆ ಸೇರುವುದು. ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಅವರ ನಾಡಿನಲ್ಲಿ ಆ ಪದ ಬಹುಮಟ್ಟಿಗೆ ಮರೆತುಹೋಗಿದೆ, ತೀರ್ಥಹಳ್ಳಿಯ ಗ್ಯಾರೇಜಿನಲ್ಲಿ ಜೀವಂತವಾಗಿದೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಸ್ಟೆಪ್ನಿ ಹುಟ್ಟಿದ್ದು ಹಗುರ ಕಾರಿಗೆ, ಹೇಗೋ ಮನೆ ಮುಟ್ಟಲಿ ಎಂಬ ಉದ್ದೇಶಕ್ಕೆ. ಕಾರುಗಳಲ್ಲಿ ಇವತ್ತಿಗೂ ಆ ಯೋಚನೆ ಮುಂದುವರಿದಿದೆ. ಹಲವು ಹೊಸ ಕಾರುಗಳಲ್ಲಿ ಸ್ಟೆಪ್ನಿ ಉಳಿದ ನಾಲ್ಕಕ್ಕಿಂತ ಸಣ್ಣದು, 80 ಕಿ.ಮೀ. ವೇಗ ಮೀರಬೇಡಿ ಎಂಬ ಚೀಟಿ ಅದಕ್ಕೆ ಅಂಟಿರುತ್ತದೆ. 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಗಾಳಿ ಕಡಿಮೆಯಾದರೆ ಎಚ್ಚರಿಸುವ ವ್ಯವಸ್ಥೆ, ಪಂಚರ್ ಮುಚ್ಚುವ ಸಾಮಗ್ರಿ ಇದ್ದರೆ ಕಾರುಗಳಿಗೆ ಸ್ಟೆಪ್ನಿ ಇಲ್ಲದಿದ್ದರೂ ಆದೀತು ಎಂದಿತು. ಕಾರಿಗೆ ಆದೀತು. ಕಾರಿನಲ್ಲಿ ಕಂಡದ್ದನ್ನು ಪಿಕಪ್ಪಿಗೆ ಅನ್ವಯಿಸಿಕೊಳ್ಳುವುದು ತಪ್ಪು.

ನಮ್ಮ ದಾರಿಗಳನ್ನೇ ನೋಡಿ. ತೀರ್ಥಹಳ್ಳಿಯಿಂದ ಹೊರಟು ಆಗುಂಬೆ ಇಳಿದರೆ ಸೋಮೇಶ್ವರದ ತನಕ 14 ಹಿಮ್ಮುರಿ ತಿರುವು. ಮಳೆಗಾಲದಲ್ಲಿ ಅಲ್ಲಿ ಭಾರಿ ವಾಹನ ನಿಲ್ಲಿಸಿದಾಗ ಲೋಡ್ ಗಾಡಿಗಳು ಹಿಡಿಯುವುದು ಮಾಸ್ತಿಕಟ್ಟೆ, ಹುಲಿಕಲ್ ಮೇಲಿನ ಬಾಳೆಬರೆ ಘಾಟಿಯನ್ನು. ಹುಲಿಕಲ್ ಅಂದರೆ ನಾಡಿನಲ್ಲೇ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಮುಂದಿನ ಎರಡು ಚಕ್ರಗಳಲ್ಲಿ ಒಂದು ಗಿಡ್ಡವಾಗಿದ್ದರೆ ಗಾಡಿ ಆ ಕಡೆಗೆ ಎಳೆಯುತ್ತದೆ. ಒದ್ದೆ ರಸ್ತೆ, ಒಂದು ಕಡೆ ದರೆ, ಇನ್ನೊಂದು ಕಡೆ ಕಣಿವೆ. ಸಾಗರದ ಇನ್ನೊಂದು ಮಗ್ಗುಲಲ್ಲಿ, 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆಯಿತು. ಶರಾವತಿ ಹಿನ್ನೀರಿನ ಮೇಲೆ ಸುಮಾರು 2.44 ಕಿ.ಮೀ. ಉದ್ದದ ಸೇತುವೆ. ಲಾಂಚಿಗೆ ಕಾಯುತ್ತಿದ್ದ ತುಮರಿ ಭಾಗದವರು ಈಗ ಹೊತ್ತುಗೊತ್ತಿನ ಹಂಗಿಲ್ಲದೆ ಗಾಡಿ ಓಡಿಸುತ್ತಾರೆ. ಬಹಳ ವರ್ಷ ಕಾದು ಪಡೆದ ಸೌಕರ್ಯ ಅದು. ಆದರೆ ರಾತ್ರಿ ಹನ್ನೊಂದಕ್ಕೆ ಆ ದಾರಿಯಲ್ಲಿ ಟೈರು ಕೂತರೆ ಪಂಚರ್ ಅಂಗಡಿ ತೆರೆದಿರುವುದಿಲ್ಲ. ಇರುವುದು ಅಡಿಯಲ್ಲಿ ನೇತಾಡುವ ಚಕ್ರವೊಂದೇ.

ಹಿಂದೆ ಗಾಡಿ ಕಟ್ಟಿ ಎಳೆಯುವವರಿಗೆ ಇನ್ನೂ ಒಂದು ಮಾತು. ಎಳೆಯುವ ಭಾರವೆಲ್ಲ ಅದರ ಚಕ್ರದ ಮೇಲೇ ಇರುತ್ತದೆ, ನಮ್ಮ ಟೈರಿಗೇನು ಎಂದು ತಿಳಿಯಬೇಡಿ. ಸರಿಯಾಗಿ ಕಟ್ಟಿದ ಟ್ರೈಲರ್ ತನ್ನ ತೂಕದ ಸುಮಾರು ಹತ್ತನೇ ಒಂದು ಭಾಗವನ್ನು ಕೊಕ್ಕೆಯ ಮೇಲೆ ಒತ್ತುತ್ತದೆ. ಕೊಕ್ಕೆ ಇರುವುದು ಹಿಂದಿನ ಆಕ್ಸಲಿಗಿಂತ ಹಿಂದೆ. ಏತದ ತುದಿಗೆ ಭಾರ ಹಾಕಿದಂತೆ ಅದು ಹಿಂದಿನ ಚಕ್ರವನ್ನು ಇನ್ನಷ್ಟು ಒತ್ತಿ, ಮುಂದಿನದನ್ನು ಹಗುರ ಮಾಡುತ್ತದೆ. ಆದ್ದರಿಂದ ಸ್ಟೆಪ್ನಿಯ ಲೋಡ್ ಅಂಕೆ ಲೆಕ್ಕ ಹಾಕುವಾಗ ಪಿಕಪ್ಪಿನ ಒಳಗಿನ ಲೋಡಿನ ಜೊತೆ ಈ ಒತ್ತಡವೂ ಸೇರಬೇಕು. ಎಳೆದೊಯ್ಯುವ ಯಂತ್ರದ ಪುಟ್ಟ ಚಕ್ರಕ್ಕೂ ಒಂದು ಸ್ಟೆಪ್ನಿ ಬೇಕು, ಪಿಕಪ್ಪಿನದು ಅದಕ್ಕೆ ಕೂರುವುದಿಲ್ಲ.

ದಾರಿಯ ಮಧ್ಯೆ ಹೊಂದದ ಸ್ಟೆಪ್ನಿಯೊಂದೇ ಕೈಲಿದ್ದರೆ? ನಮ್ಮ ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಎಳೆಯುವುದು ಹಿಂದಿನ ಚಕ್ರಗಳನ್ನು, ಭಾರ ಬೀಳುವುದೂ ಅಲ್ಲೇ. ಹಿಂದಿನದು ಪಂಚರಾಗಿದ್ದರೆ ಮುಂದಿನ ಒಂದು ಒಳ್ಳೆ ಚಕ್ರ ಬಿಚ್ಚಿ ಹಿಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಮುಂದೆ ಹಾಕುವುದು ಕಡಿಮೆ ಕೆಟ್ಟದ್ದು. ಎರಡು ಸಲ ಜಾಕ್ ಏರಿಸುವ ಶ್ರಮ ಇದೆ, ಮಳೆಯಲ್ಲಿ ಅದು ಕಷ್ಟ ಎಂದು ನನಗೂ ಗೊತ್ತು. ಮೊದಲು ಹಿಂದೆ ಕಟ್ಟಿದ್ದನ್ನು ಕಳಚಿಡಿ, ಸಾಧ್ಯವಾದರೆ ಅರ್ಧ ಲೋಡನ್ನು ಪರಿಚಯದ ಮನೆಯಂಗಳದಲ್ಲಿ ಇಳಿಸಿ. ನಿಧಾನ ಹೋಗಿ, ಹತ್ತಿರದ ಅಂಗಡಿಯಲ್ಲೇ ನಿಲ್ಲಿಸಿ. ಆ ಸ್ಥಿತಿಯಲ್ಲಿ ಘಾಟಿ ಇಳಿಯಬೇಡಿ.

ಸರಿಯಾದ ಅಳತೆಯ ಸ್ಟೆಪ್ನಿ ಇದ್ದೂ ಸಿಗದೆ ಹೋಗುವುದು ಮಲೆನಾಡಿನ ವಿಶೇಷ ಕಷ್ಟ. ಆರು ತಿಂಗಳ ಮಳೆ, ಕೆಂಪು ಕೆಸರು ಅಡಿಗೆ ಎರಚಿ ಎರಚಿ ಸ್ಟೆಪ್ನಿ ಇಳಿಸುವ ಚೈನು, ನಟ್ಟು ತುಕ್ಕು ಹಿಡಿದು ಕೂರುತ್ತವೆ. ಬೇಕಾದ ದಿನ ಪಾನಾ ತಿರುಗುವುದಿಲ್ಲ. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಅದನ್ನು ಇಳಿಸಿ, ತೊಳೆದು, ಗ್ರೀಸ್ ಹಚ್ಚಿ ಏರಿಸಬೇಕು. ಗಾಳಿಯನ್ನು ಹಿಂದಿನ ಚಕ್ರಕ್ಕೆ ಫುಲ್ ಲೋಡಿನಲ್ಲಿ ಎಷ್ಟು ಹೇಳಿದ್ದಾರೋ ಅಷ್ಟು ತುಂಬಿಸಿಡಿ. ಮುಂದಕ್ಕೆ ಹಾಕಬೇಕಾಗಿ ಬಂದರೆ ಒಂದಿಷ್ಟು ಬಿಡುವುದು ಸುಲಭ, ಕಾಡಿನ ಮಧ್ಯೆ ತುಂಬುವುದು ಆಗದ ಮಾತು. ಟೈರಿನ ಪಕ್ಕೆಯ ಮೇಲೆ ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ನೆಲ ಮುಟ್ಟದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಎಂದೂ ಬಳಸದ ಸ್ಟೆಪ್ನಿ ಎಂದು ಹೆಮ್ಮೆಪಡುವ ಬದಲು ಅದನ್ನು ಉಳಿದ ನಾಲ್ಕರ ಜೊತೆ ಸರದಿಯಲ್ಲಿ ಓಡಿಸುವುದು ಒಳ್ಳೆಯದು. ಐದೂ ಒಟ್ಟಿಗೆ ಸವೆಯುತ್ತವೆ. ಒಂದೇ ಅಳತೆಯದಾದರೂ ಹೊಸ ಟೈರಿಗೂ ಗ್ರಿಪ್ ಮುಗಿದ ಟೈರಿಗೂ ಎತ್ತರದಲ್ಲಿ ಒಂದೂವರೆ ಸೆಂಟಿಮೀಟರಿನಷ್ಟು ವ್ಯತ್ಯಾಸ ಬರಬಹುದು, ಅದೂ ತಪ್ಪುತ್ತದೆ.

ಐದು ಟೈರು ಒಟ್ಟಿಗೆ ಕೊಳ್ಳುವುದು ಸಣ್ಣ ಖರ್ಚಲ್ಲ. ಬಾಡಿಗೆ ಓಡಿಸಿ ಸಾಲದ ಕಂತು ಕಟ್ಟುವವರಿಗೆ ಇದನ್ನು ಹೇಳುವಾಗ ನನಗೂ ಸಂಕೋಚವಾಗುತ್ತದೆ. ಹಾಗಾದರೆ ಅಳತೆ ಬದಲಿಸಬೇಡಿ. ಕಂಪನಿಯ ಅಳತೆಯಲ್ಲೇ ನಾಲ್ಕು ಕೊಂಡು, ತೆಗೆದ ನಾಲ್ಕರಲ್ಲಿ ಪಕ್ಕೆ ಗಟ್ಟಿಯಿರುವ, ಗ್ರಿಪ್ ಉಳಿದಿರುವ ಒಂದನ್ನು ಸ್ಟೆಪ್ನಿಗೆ ಇಟ್ಟುಕೊಳ್ಳಿ. ಕಾನೂನಿನ ಪ್ರಕಾರ ಗ್ರಿಪ್ಪಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು. ನಮ್ಮ ಮಳೆಗೆ ಅದಕ್ಕಿಂತ ಹೆಚ್ಚೇ ಇರಲಿ.

ನಮ್ಮೂರ ಚೇಣಿದಾರರು ಮರುದಿನವೇ ಐದನೆಯದನ್ನು ಬದಲಿಸಿದರು. ಈ ಸಲದ ಕೊಯ್ಲು ಶುರುವಾಗುವ ಮುನ್ನ, ಮೊದಲ ಲೋಡ್ ತುಂಬುವ ಹಿಂದಿನ ದಿನ, ದಯವಿಟ್ಟು ನಿಮ್ಮ ಗಾಡಿಯ ಕೆಳಗೆ ಒಮ್ಮೆ ಬಗ್ಗಿ ನೋಡಿ. ಒಂದು ಒದ್ದೆ ಬಟ್ಟೆ, ಒಂದು ತುಂಡು ಸೀಮೆಸುಣ್ಣ ಸಾಕು. ಐದೂ ಟೈರಿನ ಅಳತೆ, ಲೋಡ್ ಅಂಕೆ, ತಯಾರಾದ ವಾರ ಓದಿ ಒಂದು ಚೀಟಿಯಲ್ಲಿ ಬರೆದು ಡ್ರೈವರ್ ಸೀಟಿನ ಮುಂದೆ ಇಡಿ. ಗಾಡಿ ಓಡಿಸುವ ಹುಡುಗನಿಗೂ ಅದನ್ನು ಓದಲು ಕಲಿಸಿ.